ಮೂರು ಉಸಿರಿನ ಸ್ವರ

ನಮ್ಮೂರಿನಲ್ಲಿ ತಕ್ಕಡಿ ಹಿಡಿದವನು ಬಾಯಿ ಬಿಡುವ ಹಾಗಿಲ್ಲ. ಬೆಲ್ಲ ತೂಗುವಾಗ ಅಂಗಡಿಯವನು ಮೂಗಿನಲ್ಲಿ ಏನಾದರೂ ಗುನುಗಿದರೆ, ತೂಕದ ಕಲ್ಲಿನ ಸ್ವರ ಹಿಡಿದು ಅದನ್ನು ಹಗುರ ಮಾಡುತ್ತಿದ್ದಾನೆ ಅಂತ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಾರೆ. ತೊಟ್ಟಿಲಿನ ನಾಲ್ಕು ಮೂಲೆಗೆ ಮರಳಿನ ಚೀಲ ಕಟ್ಟದೆ ಯಾವ ತಾಯಿಯೂ ಜೋಗುಳ ಶುರು ಮಾಡುವುದಿಲ್ಲ. ಮದುವೆಯಲ್ಲಿ ಗಟ್ಟಿಮೇಳ ಬಾರಿಸಿದಾಗ ಎರಚಿದ ಅಕ್ಷತೆ ಮದುಮಕ್ಕಳ ತಲೆಯ ಮೇಲೆ ಹಾಗೇ ನಿಂತಿರುತ್ತದೆ. ಓಲಗ ನಿಂತ ಮೇಲೆ ಪಟಪಟನೆ ಬೀಳುತ್ತದೆ. ಬೇರೆ ಊರಿನ ಬೀಗರು ಬಾಯಿ ತೆರೆದು ನೋಡುತ್ತಾ ನಿಂತಿರುತ್ತಾರೆ. ನಾವು ಅಷ್ಟರಲ್ಲಿ ಊಟದ ಪಂಕ್ತಿಯಲ್ಲಿ ಜಾಗ ಹಿಡಿದಿರುತ್ತೇವೆ.

ಪ್ರತಿ ವಸ್ತುವಿಗೂ ಅದರದ್ದೇ ಒಂದು ಸ್ವರ. ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಹಿಡಿದರೆ ವಸ್ತು ನೆಲ ಬಿಡುತ್ತದೆ. ಮನುಷ್ಯರಿಗೂ ಹಾಗೇ. ಬೇರೆ ಕಡೆ ಹೆರಿಗೆಯ ಮನೆಗೆ ಸೂಲಗಿತ್ತಿ ಒಬ್ಬಳು ಬಂದರೆ ಸಾಕು. ನಮ್ಮಲ್ಲಿ ಅವಳ ಬೆನ್ನಿಗೆ ಸ್ವರಗಿತ್ತಿಯೂ ಬರಬೇಕು. ಐವತ್ತು ವರ್ಷ ನಾನು ಆ ಕೆಲಸ ಮಾಡಿದೆ. ಹೊಕ್ಕುಳು ಕೊಯ್ದು ಮೈ ತೊಳೆದ ಕೂಸನ್ನು ಮೊರದಲ್ಲಿ ಮಲಗಿಸಿಕೊಂಡು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಗುನುಗುತ್ತಾ ಹೋಗುವುದು. ಒಂದು ಕಡೆ ಕೂಸು ಮೊರ ಬಿಟ್ಟು ಎರಡು ಬೆರಳು ಮೇಲೇಳುತ್ತದೆ. ಅದೇ ಅದರ ಹುಟ್ಟುಸ್ವರ. ತಾಯಿಯ ಕಿವಿಯಲ್ಲಿ ಅದನ್ನು ಒಂದೇ ಸಲ ಹೇಳುತ್ತೇನೆ, ಆಮೇಲೆ ಯಾರಿಗೂ ಇಲ್ಲ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ತಲೆಗೆ ಹತ್ತಲಿಲ್ಲ. ಆದರೆ ಒಂದು ಸಲ ಕೇಳಿದ ಸ್ವರ ನನ್ನ ತಲೆಯಿಂದ ಹೋದದ್ದಿಲ್ಲ.

ಆ ಸ್ವರವನ್ನು ಎರಡನೇ ಸಲ ಬಾಯಿಗೆ ತರುವುದು ಮನುಷ್ಯ ಹೋದ ಮೇಲೆ. ಮೂಗಿಗೆ ಹತ್ತಿ ಹಿಡಿಯುವುದು, ನಾಡಿ ನೋಡುವುದು ನಮ್ಮ ಕಡೆ ಇಲ್ಲ. ತಲೆಯ ಹತ್ತಿರ ಕೂತು ಆ ಮನುಷ್ಯನ ಹುಟ್ಟುಸ್ವರವನ್ನು ಮೂರು ಉಸಿರು ಹಿಡಿಯುತ್ತೇನೆ. ದೊಡ್ಡವರ ಮೈ ಬಾಯಿಯ ಸ್ವರಕ್ಕೆ ಏಳುವುದಿಲ್ಲ, ಆದರೆ ಜೀವ ಇದ್ದರೆ ಹಣೆಯ ಕೂದಲು, ಬೆರಳ ತುದಿ ಏಳುತ್ತವೆ. ಹೆಣಕ್ಕೆ ಸ್ವರ ಇಲ್ಲ. ಮೂರು ಉಸಿರಿಗೂ ಏನೂ ಏಳದಿದ್ದರೆ ನಾನು ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತೇನೆ, ಮನೆಯವರು ಅಳಲು ಶುರು ಮಾಡುತ್ತಾರೆ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ.

ನನ್ನ ಮಗಳು ಹೂವಿಗೂ ನಾನೇ ಸ್ವರ ಹಿಡಿದೆ. ಜ್ವರದಲ್ಲಿ ಹೋದಳು, ಇಪ್ಪತ್ತಾರು ವರ್ಷ. ಮೂರು ಉಸಿರಿಗೂ ಬೆರಳು ಏಳಲಿಲ್ಲ. ಕೈ ಮಾತ್ರ ಬೆಚ್ಚಗಿತ್ತು. ಕಿಟಕಿಯಿಂದ ಮಂಚದ ಮೇಲೆ ಬಿಸಿಲು ಬೀಳುತ್ತಿತ್ತು. ಬಿಸಿಲಿನ ಕಾವು ಎಂದುಕೊಂಡು ಸೆರಗು ಎಳೆದುಕೊಂಡೆ.

ಹಾಲೇಶಿ ನಮ್ಮ ಬೀದಿಯವನು. ಮದುವೆ, ನಾಮಕರಣಕ್ಕೆ ಮೈಕ್‌ಸೆಟ್ ಹಾಕುವುದು ಅವನ ಕಸುಬು. ಅವನ ಹೆಂಡತಿ ಸಾಕವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹೋಗಿ ಕೆಳಗೆ ಬಿದ್ದಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನ ಇರಲಿಲ್ಲ. ಮೂರು ವರ್ಷ ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು. ಬಾಳೆ ಎಲೆಗೆ ಎಣ್ಣೆ ಸವರಿ ಹಾಸಿದ, ರಾಗಿ ಹೊಟ್ಟಿನ ದಿಂಬು ಮಾಡಿಸಿದ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಔಷಧಿ ಕೊಡುವ ಪಂಡಿತರು ಕೊನೆಗೆ, ಬೆನ್ನು ಹಾಸಿಗೆಗೆ ತಾಗದಿದ್ದರೆ ವಾಸಿಯಾಗುತ್ತದೆ, ತಾಗುತ್ತಿದ್ದರೆ ಈ ಬೇಸಿಗೆ ದಾಟುವುದು ಕಷ್ಟ ಎಂದು ಹೇಳಿ ಎದ್ದುಹೋದರು. ತಾಗದ ಹಾಗೆ ಮಲಗುವುದು ಹೇಗೆ ಅಂತ ಅವರು ಹೇಳಲಿಲ್ಲ. ಹಾಲೇಶಿ ಆ ಮಾತನ್ನೇ ಹಿಡಿದುಕೊಂಡು ಕೂತ.

ಹಳೆಯ ರೇಡಿಯೋ ಬಿಚ್ಚಿ ಒಂದು ಪೆಟ್ಟಿಗೆ ಮಾಡಿದ. ಅದರ ಗುಂಡಿ ತಿರುಗಿಸಿದರೆ ಸ್ವರ ಏರುತ್ತಿತ್ತು, ಇಳಿಯುತ್ತಿತ್ತು. ನಿಲ್ಲಿಸಿದ ಕಡೆ ದಿನವಿಡೀ ನಿಲ್ಲುತ್ತಿತ್ತು, ಅದಕ್ಕೇನು ಉಸಿರು ಕಟ್ಟುವುದಿಲ್ಲವಲ್ಲ. ಪಡಸಾಲೆಯಲ್ಲಿ ಒಂದು ಹಾರ್ನನ್ನು ನೆಲದ ಮೇಲೆ ಮೇಲ್ಮುಖವಾಗಿ ಇಟ್ಟು, ಇನ್ನೊಂದನ್ನು ತೊಲೆಗೆ ಕೆಳಮುಖವಾಗಿ ಕಟ್ಟಿ, ನಡುವೆ ಒಂದು ಸಾಸಿವೆ ಕಾಳು ಬಿಟ್ಟ. ಹದಿನೈದು ದಿನ ಕಾಳು ಉರುಳಿ ಉರುಳಿ ಕೆಳಗೇ ಬಿತ್ತು. ಹದಿನಾರನೇ ದಿನ ನಿಂತಿತು. ಆಮೇಲೆ ನಿಂಬೆಹಣ್ಣು, ಆಮೇಲೆ ಹಿತ್ತಾಳೆ ತಂಬಿಗೆ, ಆಮೇಲೆ ಎದುರು ಮನೆಯ ಕೋಳಿ. ಬೀದಿಗೆಲ್ಲ ಕಾಟ ಶುರುವಾಯಿತು. ಹಾಲೇಶಿ ಇಲ್ಲಿ ತಂಬಿಗೆಯ ಸ್ವರ ಹುಡುಕಿದರೆ ಅಲ್ಲಿ ಯಾರದೋ ಮನೆಯ ಸೌಟು ಸಾರಿನಿಂದ ಎದ್ದು ತೊಟ್ಟಿಕ್ಕುತ್ತಾ ನಿಲ್ಲುತ್ತಿತ್ತು.

ಎದುರು ಮನೆಯ ತಿಪ್ಪಮ್ಮ, ಅಂದರೆ ನಮ್ಮೂರ ಯಜಮಾನ ರುದ್ರಣ್ಣನ ಹೆಂಡತಿ, ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಲೋ ಹಾಲೇಶಿ, ನಮ್ಮನೆ ಹಾಲಿನ ಪಾತ್ರೆ ಅಟ್ಟಕ್ಕೋಗಿ ಕುಂತೈತೆ. ಇಳಿಸ್ಕೊಡ್ತೀಯೋ, ಇಲ್ಲ ಎಮ್ಮೇನೂ ಅಲ್ಲಿಗೇ ಕಳಿಸ್ಲೋ?"

"ಕಳಿಸಮ್ಮ, ಎಮ್ಮೆ ಸ್ವರಾನೂ ಗೊತ್ತಾದಂಗಾಗ್ತೈತೆ!" ಎಂದು ಇವನು ಒಳಗಿನಿಂದಲೇ ಹೇಳುತ್ತಿದ್ದ.

ಬೈದರೂ ತಿಪ್ಪಮ್ಮ ಸಂಜೆ ಸಾಕವ್ವನಿಗೆ ಗಂಜಿ ತಂದು ಕುಡಿಸಿ ಹೋಗುತ್ತಿದ್ದಳು.

ಒಂದು ದಿನ ಹಾಲೇಶಿ ನಮ್ಮ ಮನೆಗೆ ಬಂದ. ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ.

"ಅಜ್ಜಿ, ಸಾಕವ್ವನ ಸ್ವರ ಬೇಕು."

"ಬದುಕಿರೋರ ಸ್ವರ ಕೊಡಂಗಿಲ್ಲ ಕಣಪ್ಪ. ನಿಂಗೊತ್ತಿಲ್ವ?"

"ಗೊತ್ತು. ಅವಳ ತಾಯಿ ಇದ್ದಿದ್ರೆ ಅವಳನ್ನೇ ಕೇಳ್ತಿದ್ದೆ. ಗುರಿ ಇಲ್ದೆ ಹುಡುಕ್ತಾ ಕುಂತ್ರೆ ವರ್ಷ ಆಗ್ತೈತೆ. ಒಂದೊಂದು ಕೂದಲೆಳೆಗೂ ಮೂರು ಉಸಿರು ಕಾಯ್ಬೇಕು." ಎದ್ದು ನಿಂತು, "ನೀನು ಅವಳ ಬೆನ್ನು ನೋಡಿದೀಯ?" ಎಂದ.

"ಇಲ್ಲ."

"ಬಾ, ನೋಡು. ನೋಡಿದ ಮೇಲೆ ಇಲ್ಲ ಅನ್ನು."

ಹೋದೆ. ಬೇವಿನ ಸೊಪ್ಪಿನ ಹೊಗೆ ಹಾಕಿದ್ದರೂ ವಾಸನೆ ಬಾಗಿಲಲ್ಲೇ ಎದುರಾಯಿತು. ಸಾಕವ್ವ ಗೋಡೆಗೆ ಮುಖ ಮಾಡಿ ಮಗ್ಗುಲಾಗಿದ್ದಳು. ಹಾಲೇಶಿ ಬಟ್ಟೆ ಸರಿಸಿದ.

"ಯಾರು, ದ್ಯಾಮಜ್ಜಿನಾ? ನೋಡಿ ಹೇಳಜ್ಜಿ, ನಂಗಂತೂ ಕಾಣಕಿಲ್ಲ. ಎಷ್ಟಗಲ ಐತೆ? ಈಯಪ್ಪ ಅಂಗೈಯಗಲ ಅಂತಾನೆ. ಸುಳ್ಳು ಹೇಳ್ತಾನೆ ಅಂತ ನಂಗೊತ್ತು."

"ಅಂಗೈಯಗಲಾನೇ ಕಣವ್ವ," ಎಂದೆ. ಒಳಗೆ ಬೆಳ್ಳಗೆ ಮೂಳೆ ಕಾಣುತ್ತಿತ್ತು.

ಹೊರಗೆ ಬಂದು ಹಾಲೇಶಿಯ ಕಿವಿಗೆ ಬಾಯಿಟ್ಟು, ಬಾಣಂತಿಯ ಕಿವಿಗೆ ಹೇಳುವ ಹಾಗೆ, ಒಂದೇ ಸಲ ಹೇಳಿದೆ. ಅವನು ಅದನ್ನು ತುಟಿಯೊಳಗೇ ಗುನುಗಿಕೊಂಡು, ಚೆಲ್ಲಿಹೋಗಬಾರದು ಅನ್ನುವವನಂತೆ ಮೆಲ್ಲಗೆ ಒಳಗೆ ನಡೆದ.

ಪೆಟ್ಟಿಗೆಯ ಗುಂಡಿಯನ್ನು ಆ ಸ್ವರಕ್ಕೆ ತಂದು ನಿಲ್ಲಿಸಿದಾಗ ಮಧ್ಯಾಹ್ನ. ಹಾರ್ನಿನಿಂದ ಹೊರಟ ಸ್ವರ ಬೀದಿಗೆಲ್ಲ ಕೇಳಿತು. ಒಂದು ಉಸಿರು. ಎರಡು. ಮೂರು. ಸಾಕವ್ವನ ಒಂದು ಕೂದಲೂ ಏಳಲಿಲ್ಲ. ಹಾಲೇಶಿ ಹಾಗೇ ಬಿಟ್ಟ. ಹತ್ತು ಉಸಿರು, ಇಪ್ಪತ್ತು ಉಸಿರು. ಬಾಗಿಲಲ್ಲಿ ಜನ ಸೇರಿದರು. ತಿಪ್ಪಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ರುದ್ರಣ್ಣ ತಲೆಯ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ. ನನ್ನ ಕೈ ನನಗೇ ಗೊತ್ತಿಲ್ಲದೆ ಸೆರಗಿಗೆ ಹೋಯಿತು.

ಸಾಕವ್ವ ಕತ್ತು ತಿರುಗಿಸಿ ಎಲ್ಲರನ್ನೂ ನೋಡಿದಳು.

"ಯಾಕ್ರೇ ಹಂಗೆ ನಿಂತ್ರಿ? ನಾನೇನು ಸತ್ತೋದ್ನಾ?"

ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

"ಸತ್ತಿದ್ರೆ ಹೇಳ್ಬಿಡ್ರಿ. ಬೆನ್ನು ಯಾಕಿನ್ನೂ ಉರೀತೈತೆ ಅಂತ ದ್ಯಾಮಜ್ಜೀನ ಕೇಳ್ಬೇಕು."

ತಿಪ್ಪಮ್ಮ ಕಿಸಕ್ಕನೆ ನಕ್ಕವಳು, ನಗು ನಿಲ್ಲಿಸಲಾಗದೆ ಅಳತೊಡಗಿದಳು.

ಎಲ್ಲರೂ ನನ್ನ ಕಡೆ ತಿರುಗಿದರು. "ನಂಗೇ ಮರ್ತಿರ್ಬೇಕು ಕಣೋ," ಎಂದೆ. ಮರೆತಿರಲಿಲ್ಲ. ಸಾಕವ್ವ ಹುಟ್ಟಿದ್ದು ಜೋಳದ ರಾಶಿಯ ದಿನ ಬೆಳಿಗ್ಗೆ. ಮೊರದ ಅಂಚಿನಲ್ಲಿ ಒಂದು ಕಡ್ಡಿ ಮುರಿದಿತ್ತು, ಅವಳ ತಾಯಿ ಎಡಗಿವಿ ಕೇಳಿಸುವುದಿಲ್ಲವೆಂದು ಬಲಗಿವಿ ಕೊಟ್ಟಿದ್ದಳು. ಅಂದು ಕೂಸನ್ನು ಎತ್ತಿದ ಸ್ವರವೇ ಇಂದು ಹಾರ್ನಿನಿಂದ ಬರುತ್ತಿತ್ತು. ಮರೆತದ್ದು ನಿಜವಾಗಿದ್ದರೆ ಚೆನ್ನಾಗಿತ್ತು ಅನಿಸಿತು. ಯಾಕೆ ಹಾಗನಿಸಿತು ಅಂತ ಆಗ ಗೊತ್ತಾಗಲಿಲ್ಲ.

ಹಾಲೇಶಿ ಬೇಜಾರು ಮಾಡಿಕೊಳ್ಳಲಿಲ್ಲ. "ಮರ್ತಿದ್ರೂ ಅಲ್ಲೇ ಅಕ್ಕಪಕ್ಕ ಇರ್ಬೇಕಲ್ಲ," ಎಂದು ಗುಂಡಿಯ ಸುತ್ತ ಒಂದು ಕಪ್ಪು ರಟ್ಟು ಅಂಟಿಸಿ, ನಾನು ಕೊಟ್ಟ ಸ್ವರದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದ. ಅಲ್ಲಿಂದ ಮೇಲಕ್ಕೆ ಒಂದೊಂದೇ ಕೂದಲೆಳೆ ತಿರುಗಿಸುತ್ತಾ, ಪ್ರತಿ ಕಡೆಯೂ ಮೂರು ಉಸಿರು ಕಾಯುತ್ತಾ ನಾಲ್ಕು ದಿನ ಹುಡುಕಿದ. ಸಿಗಲಿಲ್ಲ. ಆಮೇಲೆ ಕೆಳಕ್ಕೆ ಹೊರಟ. ದಿನಾ ಹೋಗಿ ಕೂತು ನೋಡುತ್ತಿದ್ದೆ. ಅಷ್ಟು ಕೆಳಗೆ ಯಾರ ಸ್ವರವೂ ಇರುವುದಿಲ್ಲ ಎಂದು ಹೇಳಬೇಕೆಂದುಕೊಂಡ ದಿನವೇ, ಹನ್ನೊಂದನೇ ದಿನ, ಸಾಕವ್ವನ ಹಣೆಯ ಮೇಲಿನ ನರೆಗೂದಲು ನೆಟ್ಟಗೆ ನಿಂತಿತು. ಬೆರಳು ಎದ್ದವು. ಮೊಣಕೈ ಎದ್ದಿತು. ಆಮೇಲೆ ಹಾಸಿಗೆಗೂ ಅವಳಿಗೂ ನಡುವೆ ಬೆಳಕು ಕಂಡಿತು.

ಎರಡು ಬೆರಳಿನಷ್ಟು. ಹೆಚ್ಚಿಲ್ಲ. ಬೆನ್ನಿಗೆ ಅಂಟಿಕೊಂಡಿದ್ದ ಬಟ್ಟೆ ಮೆಲ್ಲಗೆ ಬಿಟ್ಟುಕೊಂಡು ಕೆಳಗೆ ಬಿತ್ತು. ಸಾಕವ್ವ ಕಣ್ಣು ಮುಚ್ಚಿಕೊಂಡಿದ್ದಳು. ನೋವಾಯಿತೋ ಏನೋ ಎಂದು ಹಾಲೇಶಿ ಗುಂಡಿಗೆ ಕೈ ಹಾಕಿದ.

"ಮುಟ್ಟಬ್ಯಾಡ," ಎಂದಳು. "ಗಾಳಿ ತಾಗ್ತೈತೆ. ಬೆನ್ನಿಗೆ ಗಾಳಿ ತಾಗ್ತೈತೆ."

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಷ್ಟಷ್ಟು ಹೊತ್ತು ಅವಳನ್ನು ಎತ್ತಿಡುತ್ತಿದ್ದ. ಆ ಸ್ವರ ಬೀಸುಕಲ್ಲಿನ ಸದ್ದಿನ ಹಾಗೆ ಕೆಳಗಿತ್ತು, ಬೀದಿಯವರು ಅದಕ್ಕೆ ಒಗ್ಗಿಕೊಂಡರು. ತಿಂಗಳು ತುಂಬುವುದರೊಳಗೆ ಹುಣ್ಣಿನ ಅಂಚು ಕೆಂಪಾಗಿ ಕೂಡಿಕೊಳ್ಳತೊಡಗಿತು. ಪಂಡಿತರು ಬಂದು ನೋಡಿ, ನಂಬದೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಊರಲ್ಲಿ ಎಷ್ಟೋ ವರ್ಷಗಳ ಮೇಲೆ ಒಂದು ಒಳ್ಳೆಯ ಸುದ್ದಿ ಅದು. ನನಗೂ ಸಂತೋಷವಾಗಿತ್ತು. ಆ ರಟ್ಟನ್ನು ನೋಡುವವರೆಗೆ.

ಅಂದು ಸಂಜೆ ಹೋದಾಗ ರಟ್ಟಿನ ಮೇಲೆ ಒಂದಲ್ಲ, ಏಳೆಂಟು ಗೆರೆಗಳಿದ್ದವು.

"ಇದೇನೋ ಇಷ್ಟೊಂದು?"

"ಜ್ವರದ್ದು ಅಜ್ಜಿ. ಹೋದ ವಾರ ಇವಳಿಗೆ ಜ್ವರ ಬಂದಿತ್ತಲ್ಲ. ಮೊದಲ್ನೇ ದಿನ ಸ್ವರ ಇಲ್ಲಿಗೆ ಇಳೀತು. ಮೂರನೇ ದಿನ ನೋಡು, ಇಲ್ಲಿಗೆ. ಜ್ವರ ಬಿಟ್ಟ ಮೇಲೆ ಮತ್ತೆ ಮೇಲೆ ಬಂತು, ಪೂರ್ತಿ ಅಲ್ಲ." ಅವನು ಕೈಯ ಸುಣ್ಣ ಪಂಚೆಗೆ ಒರೆಸಿಕೊಂಡ. "ಮೈ ಸೋತಂಗೆಲ್ಲ ಸ್ವರ ಇಳೀತೈತೆ ಅಂತ ಕಾಣ್ತೈತೆ. ನೀನು ಕೊಟ್ಟಿದ್ದು ಸರಿಯಾಗೇ ಇತ್ತೇನೋ ಅಜ್ಜಿ. ಅದು ಹುಟ್ಟಿದಾಗಿಂದು, ಅಷ್ಟೆ."

ಅವನು ನನ್ನ ಮಾನ ಉಳಿಸಲು ಹೇಳಿದ. ಹಾಸಿಗೆಯಿಂದ ಎರಡು ಬೆರಳು ಮೇಲಿದ್ದ ಸಾಕವ್ವ, ಕಣ್ಣು ಮುಚ್ಚಿಕೊಂಡೇ, ಏನೂ ಯೋಚಿಸದೆ ಕೇಳಿದಳು:

"ನಿಮ್ಮ ಹೂವಿಗೆ ಎಷ್ಟು ದಿನ ಜ್ವರ ಇತ್ತಜ್ಜಿ?"

"ಹದಿನೇಳು," ಎಂದೆ.

ಕೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಕಣ್ಣು ತೆರೆದಳು. ಹಾಲೇಶಿ ರಟ್ಟನ್ನು ಅಂಗೈಯಿಂದ ಮುಚ್ಚಿದ. ಪೆಟ್ಟಿಗೆ ಒಂದೇ ಸಮನೆ ಗುಂಯ್ಗುಡುತ್ತಿತ್ತು. ನಾನು ಎದ್ದು ಮನೆಗೆ ಬಂದು ಒಲೆ ಹಚ್ಚಿ ಅಕ್ಕಿ ಹಾಕಿದೆ. ಅನ್ನ ಸೀದದ್ದೂ ಗೊತ್ತಾಗಲಿಲ್ಲ. ಐವತ್ತು ವರ್ಷದಲ್ಲಿ ನಾನು ಸೆರಗು ಎಳೆದುಕೊಂಡ ಒಂದೊಂದು ಮನೆಯೂ ನೆನಪಿದೆ. ಯಾರ ಕೈ ತಣ್ಣಗಿತ್ತು, ಯಾರದ್ದು ಬೆಚ್ಚಗಿತ್ತು ಅನ್ನುವುದೂ ನೆನಪಿದೆ. ಮರೆವು ಅನ್ನುವುದು ನನಗೆ ಬರಲೇ ಇಲ್ಲವಲ್ಲ.

ಇಂಥ ಮಾತು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಸಾಕವ್ವ ಎದ್ದದ್ದು ಬೇರೆ ಸ್ವರಕ್ಕೆ ಅನ್ನುವುದನ್ನು ಜನ ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರು. ಒಂದು ಸೋಮವಾರ ಬೆಳಿಗ್ಗೆ ರುದ್ರಣ್ಣ ನನ್ನನ್ನೂ ಹಾಲೇಶಿಯನ್ನೂ ಅರಳಿಕಟ್ಟೆಗೆ ಕರೆಸಿದ. ಇಡೀ ಊರು ಸೇರಿತ್ತು.

"ದ್ಯಾಮಕ್ಕ, ಒಂದೇ ಮಾತು ಕೇಳ್ತೀನಿ," ಎಂದ ರುದ್ರಣ್ಣ. ಅವನು ಕೆಟ್ಟವನಲ್ಲ. ಅವನ ತಮ್ಮ ಜ್ವರದಲ್ಲೇ ಹೋಗಿದ್ದ, ಆ ಸ್ವರ ಹಿಡಿದವಳೂ ನಾನೇ. "ಸಾಕವ್ವನ ಸ್ವರ ನೀನು ಮರ್ತಿದ್ದೋ, ಇಲ್ಲ ಮನುಷ್ಯರ ಸ್ವರ ಇಳಿಯೋದು ನಿಜವೋ? ಮರ್ತಿದ್ರೆ ಅದು ವಯಸ್ಸಿನ ದೋಷ, ನಿನ್ನ ಜಾಗಕ್ಕೆ ಇನ್ನೊಬ್ಬರನ್ನ ಮಾಡ್ತೀವಿ. ಇಳಿಯೋದು ನಿಜ ಆದ್ರೆ..." ಅವನು ಕೆರೆಯ ಕಡೆ ನೋಡಿದ. "ಆ ಪೆಟ್ಟಿಗೆ ಊರಲ್ಲಿರಬಾರದು. ಇವತ್ತೇ ಕೆರೆಗೆ ಹಾಕ್ತೀವಿ. ಮಣ್ಣು ಕೊಟ್ಟೋರ ಮುಖ ದಿನಾ ನೆನಪಿಗೆ ತರೋ ಸದ್ದು ಕೇಳ್ಕಂಡು ಯಾರೂ ಬದುಕಕ್ಕಾಗಲ್ಲ."

ಹಾಲೇಶಿ ನನ್ನನ್ನು ನೋಡಿದ. ಆ ಹೊತ್ತಿನಲ್ಲಿ ಅವನ ಹೆಂಡತಿಯ ಬೆನ್ನಿಗೆ ಗಾಳಿ ತಾಗುತ್ತಿತ್ತು. ಅವಳಿಗಾಗಿ ಹೇಳಿದೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಇಳಿಯುತ್ತದೆ ಎಂದು ನನ್ನ ಬಾಯಿಂದ ಬಂದರೆ ಎಲ್ಲಕ್ಕಿಂತ ಮೊದಲು ಅದು ಹೂವಿಯ ಬಗ್ಗೆ ಹೇಳಿದ ಹಾಗಾಗುತ್ತಿತ್ತು.

"ಮರ್ತಿದ್ದೆ ಯಜಮಾನ್ರೆ," ಎಂದೆ. "ವಯಸ್ಸಾಯ್ತು. ಯಾರ್ದೋ ಸ್ವರ ಯಾರಿಗೋ ಕೊಟ್ಟೆ."

ಕಟ್ಟೆಯ ಮೇಲೆ ಕೂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಅರಳಿಯ ಒಣಗಿದ ಎಲೆಗಳು ನೆಲದಿಂದ ಒಂದು ಗೇಣು ಎದ್ದು ಮತ್ತೆ ಕೂತವು. ತಿಪ್ಪಮ್ಮ ಬಂದು ನನ್ನ ಬೆನ್ನು ಸವರಿ, "ಹೋಗ್ಲಿ ಬಿಡಕ್ಕ, ನಂಗೂ ಉಪ್ಪು ಹಾಕಿದ್ನೋ ಇಲ್ವೋ ಅಂತ ಮರ್ತೋಗ್ತೈತೆ," ಎಂದಳು.

ನನ್ನ ಜಾಗಕ್ಕೆ ನೀಲವ್ವ ಬಂದಳು. ಎರಡು ಮಕ್ಕಳ ತಾಯಿ, ಒಳ್ಳೆಯ ಕಿವಿ, ಹತ್ತು ವರ್ಷ ನನ್ನ ಹತ್ತಿರವೇ ಕಲಿತವಳು. ಊರಿನವರ ಸ್ವರಗಳನ್ನೆಲ್ಲ ಅವಳಿಗೆ ಕೊಟ್ಟೆ. ಕೂಸನ್ನು ಮೊರದಲ್ಲಿ ಹೇಗೆ ಮಲಗಿಸಬೇಕು, ಹೆಣದ ತಲೆಯ ಹತ್ತಿರ ಯಾವ ಕಡೆ ಕೂರಬೇಕು, ಮನೆಯವರು ಅನುಮಾನದಿಂದ ಕೇಳಿದರೆ ಏನು ಹೇಳಬೇಕು, ಎಲ್ಲ ಮೊದಲೇ ಕಲಿಸಿದ್ದೆ. ಈಗ ತಿದ್ದಬೇಕೆಂದು ಎಷ್ಟೋ ಸಲ ಅವಳ ಮನೆ ಬಾಗಿಲವರೆಗೆ ಹೋದೆ. ತಿದ್ದಿದರೆ ಪೆಟ್ಟಿಗೆ ಕೆರೆಗೆ ಹೋಗುತ್ತದೆ. ಯಾರಿಗಾದರೂ ಹಾಗಾದಾಗ ನೋಡೋಣ ಎಂದುಕೊಂಡು ತಿರುಗಿ ಬಂದೆ.

ತಿಪ್ಪಮ್ಮನಿಗೆ ಜ್ವರ ಬಂದದ್ದು ಮರುವರ್ಷ. ಇಪ್ಪತ್ತು ದಿನ ಬಿಡಲಿಲ್ಲ. ಇಪ್ಪತ್ತೊಂದನೇ ದಿನ ಮಧ್ಯಾಹ್ನ ನೀಲವ್ವನನ್ನು ಕರೆಸಿದರು ಎಂದು ಕೇಳಿ ಎದ್ದುಬಿದ್ದು ಹೋದೆ. ಜನರನ್ನು ಸರಿಸಿಕೊಂಡು ಒಳಗೆ ಹೋಗುವಷ್ಟರಲ್ಲಿ ನೀಲವ್ವ ಮೂರನೇ ಉಸಿರಿನಲ್ಲಿದ್ದಳು. ಸ್ವರ ಶುದ್ಧವಾಗಿತ್ತು, ನಾನು ಕೊಟ್ಟದ್ದೇ. ತಿಪ್ಪಮ್ಮನ ಬೆರಳು ಏಳಲಿಲ್ಲ. ನೀಲವ್ವ ಸೆರಗು ಎಳೆದುಕೊಂಡಳು.

"ತಾಳ್ರಿ," ಎಂದೆ.

ತಲೆಯ ಹತ್ತಿರ ಕೂತು ಅದೇ ಸ್ವರ ಹಿಡಿದು ಕೆಳಕ್ಕೆ ಇಳಿದೆ. ಒಂದೊಂದೇ ಕೂದಲೆಳೆ. ಎಪ್ಪತ್ತು ದಾಟಿದ ಗಂಟಲು. ಇಳಿದೆ, ಇನ್ನೂ ಇಳಿದೆ. ನನ್ನ ಸ್ವರ ಒಡೆಯುವ ಜಾಗದಲ್ಲಿ ತಿಪ್ಪಮ್ಮನ ಕಿವಿಯ ಹಿಂದಿನ ಒಂದು ಕೂದಲು ನಡುಗಿತು. ಅಲ್ಲಿಂದ ಇನ್ನು ಸ್ವಲ್ಪ, ಒಂದು ಸಾಸಿವೆಯಷ್ಟು ಕೆಳಗೆ ಹೋಗಬೇಕಿತ್ತು. ಗಂಟಲಿನಿಂದ ಬರೀ ಗಾಳಿ ಬಂತು.

"ನೋಡಿದ್ರಾ? ಕೂದಲು!"

"ನೀನು ಉಸಿರು ಬಿಟ್ಟ ಗಾಳಿ ಕಣಕ್ಕ," ಎಂದ ರುದ್ರಣ್ಣ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಹಾಲೇಶಿ ಪೆಟ್ಟಿಗೆ ತರ್ಸು ರುದ್ರಣ್ಣ. ಒಂದು ಗಳಿಗೆ ಸಾಕು. ಜ್ವರದಲ್ಲಿ ಸ್ವರ ಇಳೀತೈತೆ."

"ಮರ್ತಿದ್ದೆ ಅಂತ ಕಟ್ಟೆ ಮೇಲೆ ಎಲ್ಲರ ಮುಂದೆ ನೀನೇ ಹೇಳ್ದೆ."

"ಅವತ್ತು ಸುಳ್ಳು ಹೇಳ್ದೆ."

"ಅವತ್ತು ಸುಳ್ಳು, ಇವತ್ತು ನಿಜ ಅಂತ ನಾನು ಹೆಂಗೆ ನಂಬ್ಲಿ? ನಿಂಗೆ ಅರಳುಮರಳು ದ್ಯಾಮಕ್ಕ. ಅವಳನ್ನ ನೆಮ್ಮದಿಯಾಗಿ ಕಳಿಸಕ್ಕೆ ಬಿಡು."

ಬಾಗಿಲ ಬಳಿ ಹಾಲೇಶಿ ನಿಂತಿದ್ದ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ರಟ್ಟು ತಂದು ತೋರಿಸಿದ್ದರೆ ಸಾಕಿತ್ತು. ನಾನು ಅವನ ಮುಖ ನೋಡಿದೆ. ಎದುರು ಮನೆಯಿಂದ ಬೀಸುಕಲ್ಲಿನಂಥ ಆ ಸದ್ದು ಬರುತ್ತಲೇ ಇತ್ತು. ಸಾಕವ್ವ ಎರಡು ಬೆರಳು ಮೇಲಿದ್ದಳು. ಹಾಲೇಶಿ ತಲೆ ತಗ್ಗಿಸಿ ಹಿಂದೆ ಸರಿದು ಜನರ ನಡುವೆ ಸೇರಿಕೊಂಡ. ಅವನನ್ನು ನಾನು ಬೈಯಲಾರೆ.

ಚಟ್ಟಕ್ಕೆ ಬಿದಿರು ಕಡಿಯುವ ಸದ್ದು ಅಂಗಳದಲ್ಲಿ ಶುರುವಾಯಿತು. ಇಬ್ಬರು ಹೆಂಗಸರು ನನ್ನ ತೋಳು ಹಿಡಿದು ಎಬ್ಬಿಸಲು ಬಂದರು. ನಾನು ತಿಪ್ಪಮ್ಮನ ಕೈ ಬಿಡಲಿಲ್ಲ.

"ಕೈ ಬೆಚ್ಚಗೈತೆ ನೀಲವ್ವ, ಮುಟ್ಟಿ ನೋಡು," ಎಂದೆ.

ನೀಲವ್ವ ಮುಟ್ಟಿ ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಾನು ಕಲಿಸಿದ ಮಾತನ್ನೇ, ನಾನು ಕಲಿಸಿದಷ್ಟೇ ಮೆಲ್ಲಗೆ ಹೇಳಿದಳು:

"ಬಿಸಿಲಿನ ಕಾವು ಕಣಜ್ಜಿ."

ಅಂದು ಬೆಳಗಿನಿಂದ ಮೋಡ ಕವಿದಿತ್ತು.